ಎಲೆಯ ಕೂಗು ನಿಂತರೆ

ಚಿಗರಿ ಜಿಂಕೆಯನ್ನು ಕೂಗಿ ಕರೆಯುವುದರಲ್ಲಿ ನನ್ನನ್ನು ಮೀರಿಸುವವರು ಕೂಡ್ಲಿಗಿ ಸೀಮೆಯಲ್ಲೇ ಇರಲಿಲ್ಲ. ಜಂಬವೆಂದರೆ ಜಂಬವೇ, ಇರಲಿ. ಬೇಸಿಗೆಯಲ್ಲಿ ಗಂಡಿನ ಗುಟುರು ಹಾಕಿದರೆ ಇನ್ನೊಂದು ಗಂಡು ಜಗಳಕ್ಕೆ ಬರುತ್ತದೆ. ಬಯಲು ಬೋಳಾಗಿರುವುದರಿಂದ ಬರುವುದು ದೂರದಿಂದಲೇ ಕಾಣುತ್ತದೆ. ಮಳೆಗಾಲದಲ್ಲಿ ಹೊಂಗೆಯ ಎಳೆ ಎಲೆಯನ್ನು ತುಟಿಗಿಟ್ಟು ಮರಿಯ ಹಾಗೆ ಅತ್ತರೆ ತಾಯಿ ಬರುತ್ತದೆ. ಆದರೆ ಆಗ ಹೊಲದಲ್ಲಿ ಆಳೆತ್ತರ ಮೆಕ್ಕೆಜೋಳ. ಮೇಲೆ ಗರಿ ಅಲುಗುವುದು ಬಿಟ್ಟರೆ ಏನೂ ಕಾಣುವುದಿಲ್ಲ.

ಅದು ತೊಂಬತ್ತಾರರ ಶ್ರಾವಣ. ಹಿಂದಿನ ಸಂಜೆ ನಮ್ಮ ಕುರಿಮರಿಯೊಂದು ತಪ್ಪಿಸಿಕೊಂಡಿತ್ತು. ಅದನ್ನು ಹುಡುಕಿ ತರುತ್ತೇನೆಂದು ಹೆಂಡತಿ ಮೈಲಮ್ಮನಿಗೆ ಸುಳ್ಳು ಹೇಳಿ, ಬೆಳಿಗ್ಗೆ ಅವಳ ಅಣ್ಣ ನಾಗೇಂದ್ರಪ್ಪನ ಜೊತೆ ಬೇಟೆಗೆ ಹೊರಟೆ.

ಕಳ್ಳಬೇಟೆ, ಮಾತಾಡುವಂತಿಲ್ಲ. ನಾಗೇಂದ್ರಪ್ಪ ನಾಡಬಂದೂಕು ಹಿಡಿದು ಹೊಲದಂಚಿನ ಬಂಡೆಯ ಮೇಲೆ ಕೂತ. ನಾನು ಬದುವಿನಲ್ಲಿ ಬೋರಲಾದೆ. ಎಲೆ ಕೂಗುತ್ತಿರುವವರೆಗೆ ಅವನು ಕಾಯಬೇಕು. ಕೂಗು ನಿಂತಿತೆಂದರೆ ಪ್ರಾಣಿ ಗುರಿಗೆ ಬಂದಿದೆ, ಹೊಡಿ ಎಂದರ್ಥ. ಹತ್ತು ವರ್ಷದಿಂದ ನಮ್ಮಿಬ್ಬರ ಕಟ್ಟಳೆ ಇದು.

"ನೀ ಸುಮ್ಮನಾದಿ ಅಂದ್ರ ನನ್ನ ಬೆರಳು ಕೇಳಂಗಿಲ್ಲ ನೋಡಲೇ," ಅನ್ನುತ್ತಿದ್ದ.

ಮೂರನೇ ಕೂಗಿಗೆ ಜೋಳದ ಗರಿಗಳು ಅಲುಗಿದವು. ನಾಗೇಂದ್ರಪ್ಪ ಬಂದೂಕು ಎತ್ತಿದ. ನಾನು ಕೆನ್ನೆಯನ್ನು ನೆಲಕ್ಕೊತ್ತಿ ದಂಟುಗಳ ಸಂದಿಯಲ್ಲಿ ನೋಡಿದೆ.

ಗೊರಸು ಕಾಣಲಿಲ್ಲ. ಕೆಸರು ಮೆತ್ತಿದ ಎರಡು ಪಾದ, ನಾನೇ ಕೊಟ್ಟೂರಿನಲ್ಲಿ ಕೊಡಿಸಿದ ಕಾಲುಂಗುರ. ಮೈಲಮ್ಮ!

ಕಿರುಚಬಹುದಿತ್ತಲ್ಲ ಅನ್ನುತ್ತೀರಿ. ಕಿರುಚಲು ಊದುವುದು ನಿಲ್ಲಿಸಬೇಕು. ಬಾಯಿಗೆ ಮಾತು ಬರುವಷ್ಟರಲ್ಲಿ ಅವನ ಬೆರಳು ಕೆಲಸ ಮುಗಿಸಿರುತ್ತದೆ. ಊದುತ್ತಲೇ ಇದ್ದರೆ ಅವಳು ಇನ್ನೂ ಹತ್ತಿರ ಬರುತ್ತಾಳೆ. ಜೀವ ಬಾಯಿಗೆ ಬಂದಿತ್ತು, ಬಾಯಲ್ಲಿ ಎಲೆ ಇತ್ತು.

ಊದುತ್ತಲೇ ಎದ್ದೆ. ಮೂಗಿನಲ್ಲಿ ಉಸಿರೆಳೆದುಕೊಂಡು, ಮರಿಯ ಹಾಗೆ ಅಳುತ್ತಾ, ಬಂದೂಕಿನ ಬಾಯಿಗೂ ಅಲುಗುವ ಗರಿಗೂ ನಡುವೆ ಹೋಗಿ ನಿಂತೆ. ನಾಗೇಂದ್ರಪ್ಪ ಕಣ್ಣು ಕೆಂಪಗೆ ಮಾಡಿ, ಪಕ್ಕಕ್ಕೆ ಸರಿ ಎಂದು ಕೈ ಬೀಸಿದ. ನಾನು ಸರಿಯಲಿಲ್ಲ. ತುಟಿ ಒಡೆದು ಎಲೆ ಉಪ್ಪಾಯಿತು. ಬೆನ್ನ ಹಿಂದೆ ಸರಸರ ಸದ್ದು ಹತ್ತಿರವಾಗುತ್ತಲೇ ಇತ್ತು.

ಕೊನೆಗೆ ಅವನು ಹಲ್ಲು ಕಚ್ಚಿ ಬಂದೂಕು ಇಳಿಸಿದ. ಆಮೇಲೆ ನಾನು ನಿಲ್ಲಿಸಿದೆ.

ಮೈಲಮ್ಮ ಜೋಳ ಸರಿಸಿಕೊಂಡು ಹೊರಬಂದಳು. ತಂಗಿಯನ್ನು ಕಂಡದ್ದೇ ನಾಗೇಂದ್ರಪ್ಪ ಬಂದೂಕು ಬಿಟ್ಟು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕುಸಿದ. ಅವಳು ಅವನನ್ನು ನೋಡಲೂ ಇಲ್ಲ. ಅವಳ ಕೈಯಲ್ಲಿ ಹಾಲು ತುಂಬಿದ ಬಾಟಲಿ ಇತ್ತು.

"ಸಿಕ್ತೇನ್ರಿ ಮರಿ? ಹಸದು ಎಷ್ಟು ಅಳಾಕತ್ತಿತ್ತು, ಪಾಪ! ಎಲ್ಲೈತ್ರಿ?"

ತುಟಿಯಿಂದ ಎಲೆ ಬಿಡಿಸಿ ಅವಳ ಅಂಗೈಯಲ್ಲಿಟ್ಟೆ.

"ಅತ್ತಾಂವ ನಾನು, ಮೈಲಿ," ಅಂದೆ.