ಮೂಗಿಲ್ಲದ ಗುಳ್ಳವ್ವ

ನೇತ್ರಾ ಟೀಚರ್ ಒಂದು ಹಟ ಹಿಡಿದರೆ ಮುಗಿಯಿತು, ಅವಳನ್ನು ಹಿಂದಕ್ಕೆ ತಿರುಗಿಸುವ ಗಂಡಸು ಅಣ್ಣಿಗೇರಿಯಲ್ಲಿ ಇನ್ನೂ ಹುಟ್ಟಿಲ್ಲ. ಗಂಡ ಗೌರೀಶನಂತೂ ಆ ಪ್ರಯತ್ನವನ್ನು ಎಂದೋ ಕೈಬಿಟ್ಟು ತನ್ನ ದಲಾಲಿ ಅಂಗಡಿಯಲ್ಲಿ ಆರಾಮಾಗಿ ಕೂತಿದ್ದಾನೆ. ಈ ಸಲದ ಹಟ ಏನಪ್ಪಾ ಅಂದರೆ, ತನ್ನ ಹೈಸ್ಕೂಲಿನ ಮಕ್ಕಳು ಜೀವಂತ ಇರುವ ಕಲಾವಿದನೊಬ್ಬನನ್ನು ಕಣ್ಣಾರೆ ನೋಡಬೇಕು, ಅವನ ಕೂಡ ಮಾತಾಡಬೇಕು. ಚಿತ್ರಕಲೆಯ ಪುಸ್ತಕದಲ್ಲಿ ಇರುವವರೆಲ್ಲ ಗೋಡೆ ಮೇಲೆ ಹಾರ ಹಾಕಿಸಿಕೊಂಡವರೇ. "ಟೀಚರ್, ಇಂಥಾವೆಲ್ಲ ಮಾಡೋರು ಈಗ ಯಾರೂ ಇಲ್ಲೇನ್ರಿ?" ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಮಾತು ಅವಳ ಎದೆಯಲ್ಲಿ ನಾಟಿ ಕೂತುಬಿಟ್ಟಿತ್ತು.

ಹುಡುಕತೊಡಗಿದಳು. ಊಟಕ್ಕೆ ಕೂತಾಗಲೂ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಮೊಬೈಲು. ಹಾಗೆ ಒಂದು ದಿನ ಮುಂಬಯಿಯ ಪ್ರದರ್ಶನವೊಂದರ ಫೋಟೋ ಕಣ್ಣಿಗೆ ಬಿತ್ತು. ಎರೆಮಣ್ಣಿನ ಹೆಂಗಸರು, ಮೊಣಕಾಲೆತ್ತರದವರು, ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಒಲೆಯಲ್ಲಿ ಸುಡದ ಮಣ್ಣು, ಮೈಯೆಲ್ಲ ಬಿರುಕು. ಯಾರಿಗೂ ಕಣ್ಣು ಮೂಗು ಇರಲಿಲ್ಲ. ಕೆಳಗೆ ಮಾಡಿದವನ ಹೆಸರು ಭೀಮೇಶ ತಿರ್ಲಾಪುರ ಅಂತಿತ್ತು.

"ಅಯ್ಯ ಶಿವನ! ತಿರ್ಲಾಪುರ ಅಂದ್ರ ನಮ್ಮ ತಿರ್ಲಾಪುರನ?" ಎಂದು ನೇತ್ರಾ ಕೂಗಿದ ರಭಸಕ್ಕೆ ಅತ್ತೆ ರೇವವ್ವ ಒಲೆ ಮುಂದಿನಿಂದ ಎದ್ದು ಬಂದಳು. ಹೌದು, ಅದೇ ತಿರ್ಲಾಪುರ. ಇಲ್ಲೇ ಬಾಜು ತಾಲೂಕಿನ ಹತ್ತಿ ಬೆಳೆಯುವ ಊರಿನವನ ಹೆಸರು ಅಷ್ಟು ದೂರ ಹೋಗಿ ಮುಟ್ಟಿತ್ತು, ಅಣ್ಣಿಗೇರಿಗೆ ಮಾತ್ರ ಗೊತ್ತಿರಲಿಲ್ಲ. ನೇತ್ರಾಳಿಗೆ ಅಗದಿ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಫೋನು ಹಚ್ಚಿದಳು.

ಭೀಮೇಶ ಒಂದೇ ಮಾತಿಗೆ ಒಪ್ಪಿಕೊಂಡ. "ಬರ್ತೀನ್ರಿ. ಮುಂಬಯಿಗೆ ಹೊಂಟ ಹೊಸಾ ಬೊಂಬಿ ತಯಾರದಾವು, ಮೊದಲು ನಿಮ್ಮಲ್ಲೇ ಇಡೂಣು. ಆದ್ರ ಒಂದು ಮಾತು. ಶುರುವಾದ ಮರುದಿನ ನಮ್ಮ ಅಕ್ಕನ್ನ ಊರಿಂದ ಕರಕೊಂಡು ಬರ್ತೀನಿ. ನಾ ಇರೂದು ಪ್ಯಾಟ್ಯಾಗ, ಆಕಿ ನನ್ನ ಕೆಲಸ ಇನ್ನೂತನಕ ಒಂದೂ ನೋಡಿಲ್ಲ. ಮುಂಬಯಿಗೆ ಬಾ ಅಂದ್ರ, ಎಮ್ಮಿ ಬಿಟ್ಟು ಹೆಂಗ ಬರ್ಲಿ ಅಂತಾಳ. ಆಕಿ ನೋಡೂತನಕ ಒಂದು ಬೊಂಬಿಗೂ ಧಕ್ಕಿ ಆಗಬಾರದ್ರಿ. ಸುಟ್ಟಿದ್ದಲ್ಲ, ನೀರು ತಾಕಿದ್ರ ಕರಗತಾವು."

"ಅದು ನನ್ನ ಜವಾಬ್ದಾರಿ ರೀ," ಎಂದಳು ನೇತ್ರಾ. ಎಷ್ಟು ಸಲೀಸಾಗಿ ಅಂದುಬಿಟ್ಟಳು!

ಗೌರೀಶನ ಮನೆತನದ ಹಳೆಯ ಹತ್ತಿ ಗೋದಾಮು ಖಾಲಿ ಬಿದ್ದಿತ್ತು. ಮಕ್ಕಳನ್ನು ಕಟ್ಟಿಕೊಂಡು ಜೇಡರ ಬಲೆ ತೆಗೆದು, ಸುಣ್ಣ ಬಳಿದು, ಬೊಂಬೆಗಳನ್ನು ಸಾಲಾಗಿ ಇಟ್ಟಳು. ಆಷಾಢದ ಒಂದು ಮಂಗಳವಾರ ಪ್ರದರ್ಶನ ಶುರುವಾಯಿತು. ಅದು ಗುಳ್ಳವ್ವನ ಮಂಗಳವಾರ ಎಂಬುದು ಗದ್ದಲದಲ್ಲಿ ಅವಳ ತಲೆಗೆ ಹೊಳೆಯಲೇ ಇಲ್ಲ. ಈ ಸೀಮೆಯಲ್ಲಿ ಆಷಾಢ ಬಂತೆಂದರೆ ಪ್ರತಿ ಮಂಗಳವಾರ ಹೆಣ್ಣುಮಕ್ಕಳು ಮಣ್ಣು ತಂದು, ಕೂತ ಭಂಗಿಯ ಗುಳ್ಳವ್ವ ದೇವಿಯನ್ನು ಮಾಡುತ್ತಾರೆ. ಗುಲಗಂಜಿಯ ಕಣ್ಣಿಟ್ಟು, ಮೈಗೆ ಕುಸುಬಿ, ಜೋಳ ಚುಚ್ಚಿ, ಆರತಿ ಬೆಳಗುತ್ತಾರೆ. ಮರುದಿನ ಬುತ್ತಿ ಕಟ್ಟಿಕೊಂಡು ಹಳ್ಳಕ್ಕೆ ಹೋಗಿ ನೀರಿಗೆ ಬಿಟ್ಟು, ಅಲ್ಲೇ ಉಂಡು ಬರುತ್ತಾರೆ. ಬುಧವಾರ ದಾಟಿ ಗುಳ್ಳವ್ವ ಮನೆಯಲ್ಲಿ ಉಳಿಯುವ ಹಾಗಿಲ್ಲ.

ಮಂಗಳವಾರ ಮಕ್ಕಳು ಬಂದರು, ಬಾಯಿ ತೆರೆದು ನೋಡಿದರು. ಆ ಒಂಬತ್ತನೆಯ ತರಗತಿಯ ಹುಡುಗಿಯೇ ಎದ್ದು ನಿಂತು, "ಸರ್, ಇವನ್ನ ಮಾಡಾಕ ನಿಮಗ ಸ್ಫೂರ್ತಿ ಏನ್ರಿ?" ಎಂದು ಕೇಳಿದಳು. ಭೀಮೇಶ ಗಂಟಲು ಸರಿಮಾಡಿಕೊಂಡು ಮಣ್ಣಿನ ನೆನಪು, ಬಿರುಕಿನ ಭಾಷೆ, ಕಾಲದ ಗುರುತು ಅಂತ ಏನೇನೋ ಹೇಳಿದ. ಮಕ್ಕಳು ಬರೆದುಕೊಂಡರು. ನೇತ್ರಾಳಿಗೆ ಮಾತ್ರ ಮನಸ್ಸು ತುಂಬಲಿಲ್ಲ. ಬೇರೆ ಊರಿನ ಮಂದಿಗೆ ಹೇಳಿ ಹೇಳಿ ನುಣುಪಾದ ಉತ್ತರ ಅದು ಎಂದು ಅವಳಿಗೆ ಗೊತ್ತಾಗದೆ ಇರಲಿಲ್ಲ.

ಸಂಜೆ ಮುಂದೆ ರೇವವ್ವ ಓಣಿಯ ಹೆಂಗಸರನ್ನು ಕರೆದುಕೊಂಡು ಬಂದಳು. ಸೆರಗು ತಲೆ ಮೇಲೆ ಎಳೆದುಕೊಂಡು ಒಂದೊಂದು ಬೊಂಬೆಯ ಮುಂದೂ ನಿಂತರು. ಸುತ್ತು ಹಾಕಿ ನೋಡಿದರು. ಕೊನೆಗೆ ರೇವವ್ವನೇ ಕೇಳಿದಳು, "ಭಾಳ ಚಂದ ಮಾಡೀಯಪಾ ತಮ್ಮಾ. ಆದ್ರ ಮೂಗ ಇಟ್ಟಿಲ್ಲಲ್ಲಾ ಪಾಪ?"

"ಅದು ಹೆಸರಿಲ್ಲದ ಹೆಣ್ಣಿನ ಸಂಕೇತ ರೀ," ಎಂದ ಭೀಮೇಶ.

"ಹೌದಾ? ಹೆಸರಿಲ್ಲದಿದ್ರೂ ಉಸಿರಾಡಬೇಕಲೋ!" ಎಂದು ರೇವವ್ವ ಅಂದದ್ದಕ್ಕೆ ಭೀಮೇಶ ನಕ್ಕುಬಿಟ್ಟ. ಬಾಗಿಲು ಹಾಕುವಾಗ ನೇತ್ರಾ ನೋಡುತ್ತಾಳೆ, ಬೊಂಬೆಗಳ ಹಣೆಗೆ ಕುಂಕುಮ, ಬಿರುಕುಗಳಲ್ಲಿ ಕುಸುಬಿ ಕಾಳು. ಹೌಹಾರಿ ಒರೆಸಲು ಹೋದಳು. "ಇರ್ಲಿ ಬಿಡ್ರಿ," ಎಂದ ಅವನು. ದನಿ ಯಾಕೋ ಮೆತ್ತಗಾಗಿತ್ತು.

ಬುಧವಾರ ಅವನು ಅಕ್ಕನನ್ನು ಕರೆತರಲು ತಿರ್ಲಾಪುರದ ಬಸ್ಸು ಹಿಡಿದ. ನೇತ್ರಾ ಶಾಲೆಗೆ ಹೋಗುವ ಮೊದಲು ಕೀಲಿಯನ್ನು ಅತ್ತೆಯ ಕೈಗಿಟ್ಟು, "ನಿಮ್ಮವ ಅಂತ ತಿಳಕೊಂಡು ಜ್ವಾಕಿಯಿಂದ ನೋಡ್ಕೋರಿ ಅತ್ತಿ," ಎಂದಳು. "ಅದನ್ನೂ ಹೇಳಬೇಕೇನ ನನಗ?" ಎಂದಳು ರೇವವ್ವ.

ಮಧ್ಯಾಹ್ನದ ಬಿಡುವಿನಲ್ಲಿ ಬಂದು ನೋಡಿದರೆ ಗೋದಾಮು ಬರಿದು! ಒಂದೇ ಒಂದು ಬೊಂಬೆ ಇಲ್ಲ. ನೆಲ ಗುಡಿಸಿ, ನಡುವೆ ರಂಗೋಲಿ ಹಾಕಿ, ಆರತಿ ತಟ್ಟೆ ಇಟ್ಟಿದ್ದರು. ನೇತ್ರಾ ಹೊರಗೆ ಓಡಿ ಬಂದು ಕೂಗಿದಳು. ಪಕ್ಕದ ಅಂಗಡಿಯಿಂದ ಟೇಲರ್ ಮುಮತಾಜ್ ಕೊರಳಿಗೆ ಟೇಪು ಹಾಕಿಕೊಂಡೇ ಹೊರಗೆ ಬಂದಳು.

"ಹಳ್ಳಕ್ಕ ಒಯ್ದ್ರಲ್ರಿ ಟೀಚರ! ಟ್ರ್ಯಾಕ್ಟರನ್ಯಾಗ, ಹಾಡ್ಕೋಂತ. ಎಷ್ಟ ಒಜ್ಜಿ ಅದಾವ್ರೀ ಅವು! ನಾನೂ ಕೈ ಹಚ್ಚಿದೆ," ಎಂದು ಹೆಮ್ಮೆಯಿಂದ ಹೇಳಿದಳು.

ನೇತ್ರಾ ಹಣೆ ಚಚ್ಚಿಕೊಳ್ಳುವುದಕ್ಕೂ ಆಟೋ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಭೀಮೇಶ ಇಳಿದ. ಹಿಂದೆಯೇ ಹಸಿರು ಇಳಕಲ್ ಸೀರೆ ಉಟ್ಟ, ಕಟ್ಟುಮಸ್ತಾದ ಹೆಂಗಸು. ಅವನ ಅಕ್ಕ ಮಾದೇವಿ. ಒಳಗೆ ಇಣುಕಿ, "ಎಲ್ಲದಾವಲೋ ನಿನ್ನ ಬೊಂಬಿ?" ಎಂದಳು.

ನೇತ್ರಾಳಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಅಳುತ್ತಲೇ ಎಲ್ಲವನ್ನೂ ಹೇಳಿದಳು. "ನಂದ ತಪ್ಪು ರೀ. ನಮ್ಮ ಅತ್ತಿ ಗುಳ್ಳವ್ವ ಅಂತ ತಿಳದು ಹಳ್ಳಕ್ಕ ಒಯ್ದಾರ. ಯಾವ ಮುಖಾ ಇಟ್ಕೊಂಡು ಕ್ಷಮಾ ಕೇಳ್ಲಿ?"

ಭೀಮೇಶ ಹೊಸ್ತಿಲ ಮೇಲೆ ಕುಸಿದು ಕೂತ. ಆಮೇಲೆ ತಲೆಯೆತ್ತಿ ಕೇಳಿದ, "ಊರಾಗಿನ ಹುಡುಗೀರ ಗುಳ್ಳವ್ವಗೋಳ ಜೋಡಿನ ಒಯ್ದಾರೇನ್ರಿ?"

"ಹೂಂನ್ರಿ, ಎಲ್ಲಾ ಕೂಡೇ," ಎಂದಳು ಮುಮತಾಜ್.

"ನಡೀರಿ, ಹೋಗೂಣು," ಎಂದು ಅವನು ದಡಕ್ಕನೆ ಎದ್ದ.

ಆಟೋದಲ್ಲಿ ಮಾದೇವಿ ಹೊರಗೆ ನೋಡುತ್ತ ಕೂತಿದ್ದಳು. ಭೀಮೇಶ ತಗ್ಗಿದ ದನಿಯಲ್ಲಿ ಹೇಳಿದ. "ನಿನ್ನೆ ಆ ಹುಡುಗಿ ಕೇಳಿದ್ದಕ್ಕ ನಾ ಖರೇ ಹೇಳಲಿಲ್ರಿ. ಸಣ್ಣಾಂವ ಇದ್ದಾಗ ನಮ್ಮ ಅಕ್ಕ ಗುಳ್ಳವ್ವನ್ನ ಮಾಡಿದ್ಲು. ನಾ ಬಾಜೂಕ ಕುಂತು ಕಲ್ಯಾಕತ್ತಿದ್ದೆ. ಮೈ ಮಾಡೂದು ತೋರ್ಸಿದ್ಲು, ಕೈಕಾಲು ತೋರ್ಸಿದ್ಲು. ಮರುದಿನ ಹಳ್ಳಕ್ಕ ಒಯ್ದ್ರ, ಎಲ್ಲಾರ ಸಾಲಿನ್ಯಾಗ ನಿಮ್ಮ ಕೇರಿದು ಇಡಬ್ಯಾಡ್ರಿ, ಕೆಳಗ ದೂರ ಹೋಗಿ ಬಿಡ್ರಿ ಅಂದ್ರು ಮ್ಯಾಲಿನ ಓಣ್ಯಾವ್ರು. ಅಕ್ಕ ದೂರ ಹೋಗಲಿಲ್ಲ. ಸೆರಗಿನ್ಯಾಗ ಮುಚಕೊಂಡು ತಿರುಗಿ ಮನಿಗೆ ತಂದ್ಲು. ಅದು ಒಣಗಿ, ಮೈಯೆಲ್ಲಾ ಸೀಳಿ ಹೋತು. ಆಕಿ ಮತ್ತ ಮಣ್ಣು ಮುಟ್ಟಲಿಲ್ಲ. ನಾ ಬಿಡಲಿಲ್ಲ, ಮಾಡಕೋಂತನ ಬಂದೆ. ನಾ ಮಾಡಿದ್ದು ಒಂದೂ ನೀರು ಕಂಡಿಲ್ರಿ."

ನೇತ್ರಾ ಬಿರುಕು ಬಿಟ್ಟ ಆ ಬೊಂಬೆಗಳನ್ನು ಮುಟ್ಟಿ, ಎತ್ತಿ, ಸಾಲಾಗಿ ಇಟ್ಟ ತನ್ನ ಕೈಗಳನ್ನೇ ನೋಡಿಕೊಂಡಳು.

ಹಳ್ಳದಲ್ಲಿ ಹೊಸ ಮಳೆಯ ಕೆಂಪು ನೀರು ಮೊಣಕಾಲ ತನಕ ಹರಿಯುತ್ತಿತ್ತು. ದಂಡೆಯಲ್ಲಿ ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ನೀರಿನಂಚಿಗೆ ಒಂದೇ ಸಾಲು. ಹುಡುಗಿಯರ ಗೇಣುದ್ದದ ಗುಳ್ಳವ್ವಗಳ ನಡುನಡುವೆ ಭೀಮೇಶನ ದೊಡ್ಡ ಬೊಂಬೆಗಳು, ಸೊಂಟದ ತನಕ ಕರಗಿದ್ದವು.

"ಅತ್ತೀ! ಏನ್ ಮಾಡಿದ್ರಿ ಇದು!" ಎಂದು ನೇತ್ರಾ ಚೀರಿದಳು.

"ಯಾಕ ಬೇ ಒದರ್ತಿ?" ಎಂದಳು ರೇವವ್ವ, ರೊಟ್ಟಿಗೆ ಗುರೆಳ್ಳು ಹಿಂಡಿ ಹಚ್ಚುತ್ತ. "ನಮ್ಮವ ಅಂತ ತಿಳಕೊಂಡು ನೋಡ್ಕೋರಿ ಅಂದಿದ್ದಿಲ್ಲೇನ? ಬುಧವಾರ ದಾಟಸ್ತಾರೇನ ಗುಳ್ಳವ್ವನ್ನ? ಅಂವಾ ಪಾಪ ಗಂಡ್ಸು, ಮಾಡಾಕ ಬಂದೈತಿ, ಕಳಸಾಕ ಗೊತ್ತಿಲ್ಲ. ನಾವ ಮುಂದ ನಿಂತು ಕಳಿಸಿಕೊಟ್ವಿ."

ಇದಕ್ಕೆ ಏನು ಹೇಳುತ್ತೀರಿ?

ಮಾದೇವಿ ಚಪ್ಪಲಿ ಬಿಟ್ಟು ನೀರಿನ ಹತ್ತಿರ ಹೋದಳು. ಸಾಲಿನ ಆ ತುದಿಯಿಂದ ಈ ತುದಿಯ ತನಕ ನೋಡಿದಳು. ಮತ್ತೆ ಮೊದಲಿನಿಂದ ನೋಡಿದಳು. "ಇವು ಯಾರ ಮನ್ಯಾವ್ರಿ?" ಎಂದು ಕೇಳಿದಳು, ಗೊತ್ತಿದ್ದೂ.

"ಎಲ್ಲಾರ ಮನ್ಯಾವೂ ಅದಾವವ್ವ. ನೀರಿಗೆ ಬಂದ ಮ್ಯಾಲ ಯಾರ ಮನಿದಂತ ಯಾರ ಕೇಳ್ತಾರ? ನಿಂದೂ ಐತೇನ?" ಎಂದಳು ರೇವವ್ವ.

"ಹೌದ್ರಿ. ನಂದೂ ಐತಿ."

"ಹಂಗಾರ ಬಾ, ಉಡಿ ತುಂಬೂದು ಉಳದೈತಿ," ಎಂದು ರೇವವ್ವ ಅಕ್ಕಿ, ಉತ್ತತ್ತಿ, ಕುಬಸದ ಬಟ್ಟೆ ತೆಗೆದುಕೊಂಡು ಎದ್ದಳು. ಬೊಗಸೆ ತುಂಬಿಕೊಂಡು, ವಾಡಿಕೆಯಂತೆ ಕೇಳಿದಳು, "ಯಾ ಊರವ್ವ? ಯಾರ ಪೈಕಿ?"

ಮಾದೇವಿ ನೆಟ್ಟಗೆ ನಿಂತೇ ಹೇಳಿದಳು. "ತಿರ್ಲಾಪುರ ರೀ. ಕೆಳಗಿನ ಕೇರಿ ಗುಡದಪ್ಪನ ಮಗಳು."

ರೇವವ್ವನ ಬೊಗಸೆ ಗಾಳಿಯಲ್ಲೇ ನಿಂತಿತು. ಹಿಂದೆ ಕೂತವರಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು. ಹಿಂದಿನ ದಿನ ಕುಂಕುಮ ಹಚ್ಚಿ, ಮಗುವನ್ನು ಎತ್ತಿದ ಹಾಗೆ ಎತ್ತಿ ತಂದು, ಹಾಡಿ ನೀರಿಗಿಟ್ಟದ್ದು ಯಾರ ಮನೆಯ ಗುಳ್ಳವ್ವ ಎಂಬುದು ಮುದುಕಿಗೆ ಈಗ ತಿಳಿದಿತ್ತು. ಅವಳು ತಿರುಗಿ ನೀರಿನ ಕಡೆ ನೋಡಿದಳು. ಅಲ್ಲಿ ಕರಗಿದ ಮಣ್ಣೆಲ್ಲ ಒಂದೇ ಆಗಿ ಹರಿಯುತ್ತಿತ್ತು.

"ಸೆರಗ ಅಗಲ ಹಿಡಿ ಬೇ," ಎಂದು ಗದರಿದಳು ರೇವವ್ವ. "ಅಕ್ಕಿ ಚೆಲ್ತಾವು."

ಮಾದೇವಿ ಸೆರಗು ಹಿಡಿದಳು. ಉಡಿ ತುಂಬಿತು. ಅವಳ ಕಣ್ಣಿಂದ ನೀರು ಬಳಬಳ ಇಳಿಯಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಭೀಮೇಶ ಬಂದು ರೇವವ್ವನ ಕಾಲಿಗೆ ಬಿದ್ದ. "ಏ, ಏಳೋ ತಮ್ಮಾ, ನಾ ಏನ್ ಮಾಡೀನಂತ?" ಎಂದು ಅವಳು ಹಿಂದೆ ಸರಿದಳು. ಏನು ಮಾಡಿದೆ ಎಂದು ಅವಳಿಗೆ ಪೂರಾ ಗೊತ್ತಿರಲಿಲ್ಲ. ನೇತ್ರಾಳಿಗೆ ಗೊತ್ತಿತ್ತು. ಅತ್ತೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾಯಿತು, ಈಕೆಯ ಮನೆಗೆ ಸೇರಿದ್ದು ತನ್ನ ಪುಣ್ಯ ಎಂದು ಅಂದಿನಷ್ಟು ಜೋರಾಗಿ ಎಂದೂ ಅನಿಸಿರಲಿಲ್ಲ.

ಎಲ್ಲರೂ ಒಟ್ಟಿಗೆ ಉಂಡರು. "ಮುಂಬಯಿಯವರಿಗೆ ಏನ್ ಹೇಳ್ತೀರಿ?" ಎಂದು ನೇತ್ರಾ ಅಂಜುತ್ತಲೇ ಕೇಳಿದಳು.

"ಅಕ್ಕ ನೋಡಿದ್ಲು, ಮುಗೀತು ಅಂತೀನಿ. ನಿಮ್ಮ ಋಣಾ ಭಾಳ ಆತ್ರಿ ನನ್ನ ಮ್ಯಾಲ," ಎಂದ ಭೀಮೇಶ, ಬುತ್ತಿಯ ಸಿಹಿ ಮಾದಲಿಗೆ ಹಾಲು ಹಾಕಿಕೊಳ್ಳುತ್ತ.

ಅಷ್ಟರಲ್ಲಿ ಮಾದೇವಿ ದಂಡೆಯ ಹಸಿ ಮಣ್ಣು ಬಗೆದು ಮುದ್ದೆ ಕಟ್ಟಿದ್ದಳು. ಹುಡುಗಿಯರು ಸುತ್ತ ನೆರೆದರು. ಮುದ್ದೆ ಮೈಯಾಯಿತು, ತಲೆ ಬಂತು. ಅವಳು ತಮ್ಮನ ಕಡೆ ತಿರುಗಿದಳು.

"ಭೀಮ್ಯಾ, ಬಾ ಇಲ್ಲೆ. ಮೂಗಿಲ್ಲದ ಗುಳ್ಳವ್ವನ್ನ ಊರ ತುಂಬ ತಿರುಗಿಸೀದಿಯಲ್ಲೋ, ನಾಚಿಕಿ ಬರಲಿಲ್ಲ?"

"ಮೂಗು ಮಾಡೂದು ನೀ ಹೇಳಿಕೊಟ್ಟಿಲ್ಲಲ್ಲಕ್ಕಾ," ಎಂದ ಅವನು. ಯಾವ ಸಂಕೇತದ ಮಾತನ್ನೂ ಆಡಲಿಲ್ಲ.

"ಹೌದು, ಅಷ್ಟು ಉಳದಿತ್ತು," ಎಂದಳು ಮಾದೇವಿ. ಅವನ ಹೆಬ್ಬೆರಳು, ತೋರುಬೆರಳು ಹಿಡಿದು ಹಸಿ ಮಣ್ಣಿನ ಮೇಲಿಟ್ಟಳು. "ಹಿಂಗ ನೋಡು, ಮೆತ್ತಗ ಚಿವುಟಬೇಕು."