ಹೊಲಿಗೆಯಜ್ಜಿ ನುಂಗಿಕೊಂಡ ಮಾತು

ಮೊಮ್ಮಗಳ ಮೈ ಕೆಂಡದಂತೆ ಸುಡುತ್ತಿತ್ತು. ಕರೆದರೆ ಅರ್ಧ ಕಣ್ಣು ತೆರೆದು ಮತ್ತೆ ಮುಚ್ಚುತ್ತಿತ್ತು ಮಗು. ಓಣಿಯವರೆಲ್ಲ ಹೊಲಿಗೆಯಜ್ಜಿ ಎಂದೇ ಕರೆಯುವ ಆ ಮುದುಕಿ ಕೂಸನ್ನು ಎದೆಗವಚಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಳು. ಒಳಗಿನಿಂದ ಹೊಸ ನರ್ಸ್ ಇಣುಕಿದಳು. ಬೇರೆ ದೇಶದವಳು. ಅಜ್ಜಿಯ ಗಾಬರಿ ಇನ್ನಷ್ಟು ಹೆಚ್ಚಿತು.

"ಅಯ್ಯೋ, ಇವಳಿಗೆ ನಮ್ಮ ಮಾತೆಲ್ಲಿ ತಿಳಿಯತ್ತೆ?"

"ಮಾತಾಡಿ ನೋಡ್ದೇನೇ ತೀರ್ಪು ಕೊಟ್ಬಿಟ್ಯಲ್ಲಕ್ಕ!" ಎಂದಳು ಜೊತೆಗೆ ಬಂದಿದ್ದ ಗೆಳತಿ. ಅಜ್ಜಿಯ ಹೊಲಿಗೆ ಅಂಗಡಿಯಲ್ಲೇ ಗಾಲಿಕುರ್ಚಿಯಲ್ಲಿ ಕುಳಿತು ಅಂಗಿಗಳಿಗೆ ಗುಂಡಿ, ಕಾಜಾ ಹೊಲಿಯುವವಳು.

ಒಳಗೆ ಹೋದದ್ದೇ ಅಜ್ಜಿ ಹಣೆ ಮುಟ್ಟಿ ತೋರಿಸುತ್ತ, "ಮಗು! ಜ್ವರ! ಔಷಧಿ!" ಎಂದು ಗಂಟಲು ಹರಿಯುವಂತೆ ಕೂಗಿದಳು.

"ನನಗೆ ಕಿವಿ ಚೆನ್ನಾಗಿ ಕೇಳತ್ತೆ ಅಮ್ಮ," ಎಂದಳು ನರ್ಸ್ ಕನ್ನಡದಲ್ಲೇ. "ಮನೇಲಿ ಏನಾದ್ರೂ ಔಷಧಿ ಕೊಟ್ರಾ?"

ಅಜ್ಜಿ ಇಲ್ಲವೆಂದು ತಲೆಯಾಡಿಸಿದಳು. ಗಿಳಿಪಾಠ ಒಪ್ಪಿಸುತ್ತಿದ್ದಾಳೆ, ಇವಳಿಗೆ ಉದ್ದ ಕತೆ ಹೇಳಿ ಏನು ಬಂತು ಎಂದುಕೊಂಡಳು. ಕತೆ ಉದ್ದವೇ ಇತ್ತು. ಮನೆಯಲ್ಲಿದ್ದ ಜ್ವರದ ಔಷಧಿಯ ಅಳತೆ ಮುಚ್ಚಳ ಕಳೆದುಹೋಗಿತ್ತು. ಹೊಲಿಗೆ ಯಂತ್ರದ ಎಣ್ಣೆ ಡಬ್ಬಿಯ ಮುಚ್ಚಳ ತೊಳೆದು, ಅದರ ತುಂಬ ಮತ್ತೆ ಮತ್ತೆ ಕುಡಿಸಿದ್ದಳು.

ನರ್ಸ್ ಜ್ವರದ ಔಷಧಿ ಬಗ್ಗಿಸಿದಳು. ಅದೇ ಬಣ್ಣ, ಅದೇ ವಾಸನೆ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಏನಕ್ಕ, ಹೀಗೆ ಬೆವರ್ತಿದ್ದೀಯ? ಇದ್ದದ್ದು ಹೇಳ್ಬಾರ್ದಾ?" ಎಂದಳು ಗೆಳತಿ.

"ಇವಳಿಗೆ ಹೇಳಿದ್ರೆ ಆಗತ್ತಾ? ಡಾಕ್ಟರು ಬರ್ಲಿ."

"ಅಂಗಡೀಲಿ ನಾನು ಪಕ್ಕದಲ್ಲೇ ಕೂತಿದ್ರೂ ಜನ ನಿನ್ನ ಕೇಳ್ತಾರೆ, 'ಇವರು ಟೀ ಕುಡೀತಾರಾ' ಅಂತ. ಆಗ ನೀನೇ ಅವರ ಮೇಲೆ ಹಾರಾಡ್ತೀಯ. ಈಗ ನೀನು ಮಾಡ್ತಿರೋದೇನು? ಅವರ ಮುಖ ನೋಡಿ ಹೇಳು!"

ಔಷಧಿ ಮಗುವಿನ ತುಟಿಯ ಹತ್ತಿರ ಬಂದಿತ್ತು.

"ತಡಿಯಮ್ಮಾ!" ಅಜ್ಜಿ ನರ್ಸಿನ ಕೈ ಹಿಡಿದುಕೊಂಡಳು. ಎಣ್ಣೆ ಡಬ್ಬಿಯನ್ನೂ ಬಿಡದೆ ಎಲ್ಲವನ್ನೂ ಹೇಳಿದಳು.

ನರ್ಸ್ ನಗಲಿಲ್ಲ. ಮುಚ್ಚಳ ಎಷ್ಟು ದೊಡ್ಡದು, ಕೊನೆಗೆ ಯಾವಾಗ ಕುಡಿಸಿದಿರಿ ಎಂದು ಒಂದೊಂದೇ ಕೇಳಿ, ಡಾಕ್ಟರನ್ನು ಕರೆಸಿದಳು. "ಈಗಾಗ್ಲೇ ಹೆಚ್ಚಾಗಿದೆ ಅಮ್ಮ. ಇದರ ಮೇಲೆ ನಾನೂ ಕೊಟ್ಟಿದ್ರೆ ಲಿವರಿಗೆ ಪೆಟ್ಟು ಬೀಳ್ತಿತ್ತು. ರಕ್ತ ಪರೀಕ್ಷೆ ಮಾಡಿ ನೋಡೋಣ."

ಅಂದು ಅಜ್ಜಿ ದೇವರನ್ನು ಕರೆದ ಹಾಗೆ ಹಿಂದೆಂದೂ ಕರೆದಿರಲಿಲ್ಲ. ಕಡೆಗೆ ಡಾಕ್ಟರು ಪರೀಕ್ಷೆಯ ಫಲಿತಾಂಶ ನೋಡಿ, ಭಯವಿಲ್ಲ ಎಂದರು. ಸಂಜೆ ಮಗು, "ಅಜ್ಜೀ, ಹಸಿವು" ಎಂದಿತು.

"ನಿನ್ನ ಹತ್ರ ಮಾತಾಡೋಕೆ ಹೆದರಿಬಿಟ್ಟೆ ಮಗಳೇ," ಎಂದು ಅಜ್ಜಿ ನರ್ಸಿನ ಮುಂದೆ ಅತ್ತಳು.

"ನಾನೂ ಹೆದರಿದ್ದೆ. ನೀವು ಕೂಗಿದ್ದು ಹಾಗಿತ್ತು!"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಎದುರಿಗಿರುವವರು ಹೊರದೇಶದವರಿರಲಿ, ಗಾಲಿಕುರ್ಚಿಯಲ್ಲಿರಲಿ, ಅವರ ಮುಖ ನೋಡಿ, ಅವರೊಂದಿಗೇ ಮಾತಾಡಿ. ಕೂಗಬೇಡಿ. ಅರ್ಥವಾಯಿತೇ ಎಂದು ಕೇಳಿ. ಮನೆಯಲ್ಲಿ ಕೊಟ್ಟ ಔಷಧಿಯನ್ನು ಆಸ್ಪತ್ರೆಯಲ್ಲಿ ಮುಚ್ಚಿಡಬೇಡಿ. ಇವರಿಗೇನು ತಿಳಿದೀತು ಎಂದು ನೀವು ಮಾತು ನುಂಗಿದರೆ, ಅದರ ನೋವು ಉಣ್ಣುವುದು ನಿಮ್ಮ ತೊಡೆಯ ಮೇಲಿನ ಕೂಸು.