ಐಸ್‌ಕ್ರೀಮ್ ಕೊಟ್ಟು ಬಿಡಿಸಿಕೊಂಡ ಪೈಲಟ್

ಅದು ೧೯೪೪ರ ಮಾತು. ಫಿಲಿಪೀನ್ಸ್ ಕಡೆಯ ಸಮುದ್ರದಲ್ಲಿ ಸರಕು ಹಡಗುಗಳಿಗೆ ಕಾವಲು ಹೊರಟಿದ್ದ ಅಮೆರಿಕದ 'ಹಾಲಿಸ್ ಬೇ' ಪುಟ್ಟ ವಿಮಾನವಾಹಕ ಹಡಗು. ದೊಡ್ಡ ಹಡಗಿನವರು ಅದನ್ನು ತೇಲುವ ಡಬ್ಬ ಎಂದು ಹಂಗಿಸುತ್ತಿದ್ದರು. ಅವರಿಗೇನು, ಅಂಗೈಯಗಲದ ಜಾಗದಲ್ಲಿ ವಿಮಾನ ಇಳಿಸಿಕೊಳ್ಳುವ ಕಷ್ಟ ಹಾರ್ಲನ್ ಟೀಗ್‌ನಿಗೆ ಗೊತ್ತು. ಹಡಗಿನ ಹಿಂತುದಿಯಲ್ಲಿ ನಿಂತು, ಎರಡೂ ಕೈಯಲ್ಲಿ ಬಣ್ಣದ ಹಲಗೆ ಬೀಸಿ ಪೈಲಟ್‌ಗಳಿಗೆ ದಾರಿ ತೋರಿಸುವವನು ಅವನೇ.

ಒಂದು ಸಂಜೆ ಪೈಲಟ್ ಡ್ವೈಟ್ ಕೋಲ್ಸನ್ ಇಳಿಯಲು ಬಂದಾಗ ದೊಡ್ಡ ಅಲೆಯೊಂದು ಹಡಗಿನ ಹಿಂಭಾಗವನ್ನು ಎತ್ತಿಬಿಟ್ಟಿತು. 'ಬೇಡ, ಮೇಲೇರು' ಎಂದು ಹಾರ್ಲನ್ ಹಲಗೆ ಬೀಸಿದ. ಡ್ವೈಟ್ ಏರಿದ. ಇನ್ನೊಂದು ಸುತ್ತಿಗೆ ಪೆಟ್ರೋಲ್ ಇರಲಿಲ್ಲ, ವಿಮಾನ ನೀರಿಗೆ ಬಿತ್ತು. ಅವನನ್ನು ಹುಡುಕಲು ಹಿಂದೆ ಉಳಿದ ಡಿಸ್ಟ್ರಾಯರ್ ಎಂಬ ಸಣ್ಣ ಯುದ್ಧನೌಕೆಯಿಂದ ಬೆಳಗಾದರೂ ಸುದ್ದಿಯಿಲ್ಲ.

"ಇಳಿಸಿಕೊಂಡಿದ್ರೆ ಬದುಕ್ತಿದ್ನೋ ಏನೋ," ಎಂದು ಯಾರೋ ಗೊಣಗಿದ್ದು ಹಾರ್ಲನ್‌ನ ಎದೆಗೆ ನಾಟಿತ್ತು. ಇನ್ನು ಈ ಕೆಲಸ ಬೇಡವೆಂದು ಹಲಗೆಗಳನ್ನು ಒಪ್ಪಿಸಲು ಅವನು ಕ್ಯಾಪ್ಟನ್ ಹತ್ತಿರ ಹೋದ.

ಅಲ್ಲಿ ದೀಪದ ಸಂಕೇತ ಓದುವ ರೂಬೆನ್ ಬಿದ್ದು ಬಿದ್ದು ನಗುತ್ತಿದ್ದ.

"ಡಿಸ್ಟ್ರಾಯರ್ ಬಂತು ಸಾರ್! 'ನಿಮ್ಮ ಪೈಲಟ್ ಸಿಕ್ಕಿದ್ದಾನೆ. ಒದ್ದೆಯಾಗಿದ್ದಾನೆ, ಬಾಯಿ ಮಾತ್ರ ಜೋರಾಗಿದೆ. ಎಷ್ಟು ಐಸ್‌ಕ್ರೀಮ್ ಕೊಡ್ತೀರಿ?' ಅಂತಿದ್ದಾರೆ."

ಐಸ್‌ಕ್ರೀಮ್ ಕೊಟ್ಟು ಪೈಲಟ್‌ನನ್ನು ಬಿಡಿಸಿಕೊಳ್ಳುವುದು ಅಲ್ಲಿನ ವಾಡಿಕೆ. ಡಿಸ್ಟ್ರಾಯರ್‌ನವರ ಬಳಿ ಅದನ್ನು ಮಾಡುವ ಯಂತ್ರವಿಲ್ಲ, ಪಾಪ.

"ಹತ್ತು ಗ್ಯಾಲನ್ ಕೊಡ್ತೀವಿ ಅನ್ನು," ಎಂದರು ಕ್ಯಾಪ್ಟನ್.

"'ಮೂರು ಸಲ ತಿಂಡಿ ತಿಂದಿದ್ದಾನೆ, ರೇಟು ಏರಿದೆ' ಅಂತಾರೆ ಸಾರ್!"

"ಹಗಲು ದರೋಡೆ! ಇಪ್ಪತ್ತು ಕೊಡು ಆ ಕಳ್ಳರಿಗೆ!"

ಹಾರ್ಲನ್ ಕಂಬಿ ಹಿಡಿದುಕೊಂಡು ಅತ್ತೇಬಿಟ್ಟ. ಮರುಕ್ಷಣವೇ ಅವನಿಗೆ ಹೆದರಿಕೆಯಾಯಿತು. ಡ್ವೈಟ್‌ಗೆ ಮುಖ ತೋರಿಸುವುದು ಹೇಗೆ?

ಎರಡು ಹಡಗುಗಳ ನಡುವೆ ಹಗ್ಗ ಕಟ್ಟಿ, ತೂಗುಕುರ್ಚಿಯಲ್ಲಿ ಡ್ವೈಟ್‌ನನ್ನು ಎಳೆದುಕೊಂಡರು. ಅವನು ಬೆನ್ನು ತಟ್ಟಲು ಬಂದವರನ್ನೆಲ್ಲ ತಳ್ಳಿಕೊಂಡು ನೇರ ಹಾರ್ಲನ್ ಎದುರು ಬಂದು ನಿಂತ.

"ಹಡಗಿನ ಹಿಂಭಾಗ ನನ್ನ ಮೂಗಿನ ಮುಂದೇನೇ ಗೋಡೆ ಥರ ಎದ್ದಿತ್ತು ಕಣೋ. ನೀನು ಮೇಲಕ್ಕೆ ಕಳಿಸದೇ ಇದ್ದಿದ್ರೆ ನನ್ನನ್ನ ಅದರಿಂದ ಕೆರೆದು ತೆಗೀಬೇಕಿತ್ತು!"

"ನಾನು ಈ ಕೆಲಸ ಬಿಡೋಣ ಅಂತ..."

"ಬಿಡು ನೋಡೋಣ! ನೀನು ಅಲ್ಲಿ ನಿಲ್ಲದಿದ್ರೆ ನಾನು ಈ ಡಬ್ಬದ ಮೇಲೆ ಇಳಿಯೋದೇ ಇಲ್ಲ."

ಇಡೀ ಹಡಗು ಕೇಕೆ ಹಾಕಿತು. ಮರುದಿನವೂ ಸಮುದ್ರ ಉಕ್ಕುತ್ತಲೇ ಇತ್ತು. ಹಾರ್ಲನ್ ಹಿಂತುದಿಯಲ್ಲಿ ನಿಂತು ಹಲಗೆ ಬೀಸಿ ಡ್ವೈಟ್‌ನನ್ನು ಕರೆದ, ಡ್ವೈಟ್ ಇಳಿದ. ಅವನ ಹಿಂದೆಯೇ ಉಳಿದವರೆಲ್ಲರೂ ಇಳಿದರು.